ಪೇಪರ್ ತಟ್ಟೆಯ ಕಡಲು

ಟೊರೆನ್ಸ್
ಜೂನ್ 9, 2023

ಪ್ರೇಮವ್ವನವರಿಗೆ ನಮಸ್ಕಾರ.

ನಾವಿಬ್ಬರೂ ಭೇಟಿಯಾಗಿಲ್ಲ. ನಿಮ್ಮ ಮೊಮ್ಮಗಳು ಪ್ರಣತಿ ಹಗಲೆಲ್ಲ ಇರೋದು ನನ್ನ ಹತ್ತಿರ. ಮನೆಯಲ್ಲೇ ಡೇಕೇರ್ ನಡೆಸ್ತೀನಿ. ಎಂಟು ಮಕ್ಕಳು, ನಾನು, ಸಹಾಯಕ್ಕೆ ಸೌಜನ್ಯ ಅನ್ನೋ ಹುಡುಗಿ. ಈಗ ಅವರೆಲ್ಲ ಮಲಗಿದ್ದಾರೆ. ಫೋನ್ ಮಾಡಿದರೆ ಎದ್ದುಬಿಡ್ತಾರೆ ಅಂತ ಬರೀತಿದ್ದೀನಿ.

ಪ್ರತಿ ಬೇಸಿಗೆಗೂ ಒಂದು ವಿಷಯ ಇಟ್ಕೊಳ್ತೀವಿ, ಈ ಸಲ ಸಮುದ್ರ. ಹತ್ತು ನಿಮಿಷ ಡ್ರೈವ್ ಮಾಡಿದರೆ ನಿಜವಾದ ಸಮುದ್ರವೇ ಇದೆ, ಆದರೆ ಎಂಟು ಮಕ್ಕಳನ್ನ ಅಲ್ಲಿಗೆ ಕರ್ಕೊಂಡು ಹೋಗೋ ಶಕ್ತಿ ನನಗಿಲ್ಲ. ಹಾಗಾಗಿ ಹಿತ್ತಲಲ್ಲೇ ನೀಲಿ ಬಣ್ಣದ ಅಕ್ಕಿ, ನೀರಿನ ತೊಟ್ಟಿ, ಪೇಪರ್ ಪ್ಲೇಟು. ಈ ಪತ್ರದ ಜೊತೆಗಿರೋದು ಜೆಲ್ಲಿಫಿಶ್. ಅರ್ಧ ಪ್ಲೇಟಿಗೆ ಬಣ್ಣ ಹಚ್ಚಿ ಕೆಳಗೆ ರಿಬ್ಬನ್ ಅಂಟಿಸೋದು. ಎಲ್ಲ ಮಕ್ಕಳೂ ತಮ್ಮದನ್ನ ಗೋಡೆಗೆ ಹಾಕಿಸಿದರು. ಪ್ರಣತಿ ಮಾತ್ರ "ದಿಸ್ ಈಸ್ ಫಾರ್ ಅಜ್ಜಿ" ಅಂದಳು.

ಅವಳ ಅಮ್ಮ ಸಿಂಧೂರನ ಕೇಳಿದೆ. ಅವಳು, ಮಗು ಮಾಡಿದ್ದನ್ನ ಕಳಿಸಿ ಆಂಟಿ, ಆದರೆ ಮಗುವಿನ ಸುದ್ದಿ ಬರೀಬೇಡಿ, ಸುದ್ದಿಯೆಲ್ಲ ಕೊನೆಗೆ ಜಗಳಕ್ಕೇ ಬರುತ್ತೆ ಅಂದಳು. ಅವಳೂ ನಿಮ್ಮ ಮಗನೂ ಬೇರೆ ಇರೋ ವಿಷಯಕ್ಕೆ ನಾನು ಕೈ ಹಾಕೋದಿಲ್ಲ. ಕ್ರಾಫ್ಟ್ ಕಳಿಸ್ತೀನಿ, ಅಷ್ಟೇ. ತಪ್ಪು ತಿಳೀಬೇಡಿ.

ಇಂತಿ,
ಭಾನುಮತಿ


ಸ್ಕ್ರಿಪ್ಸ್ ರ್ಯಾಂಚ್
ಜೂನ್ 16, 2023

ಭಾನುಮತಿಯವರಿಗೆ ಶರಣು.

ನೀವು ಕಳಿಸಿದ್ದು ಮುಟ್ಟಿತ್ರಿ. ಲಕೋಟಿ ಒಡದ ಕೂಡಲೇ ರಿಬ್ಬನ್ ಒಂದೊಂದ ಹೊರಗ ಬಂದ್ವು. ಇದೇನು ಅಂತ ತಿಳೀಲಿಲ್ಲ, ಆಮ್ಯಾಲೆ ನಿಮ್ಮ ಪತ್ರ ಓದಿದೆ. ಅಡಿಗಿ ಮನಿ ಕಿಟಕಿಗೆ ಕಟ್ಟೇನಿ. ಗಾಳಿ ಬಂದ್ರ ಕಾಲು ಅಲಗಾಡಸ್ತದ.

ನಾ ಧಾರವಾಡದಾಕಿ. ಪ್ರಣತಿ ಹುಟ್ಟಿದಾಗ ಇಲ್ಲಿಗೆ ಬಂದೆ. ಆಕಿಗೆ ಎರಡೂವರಿ ವರ್ಷ ಆಗೂತನಕ ಎರೆದು, ಉಣಿಸಿ, ಮಲಗಿಸಿದಾಕಿ ನಾನ. ಅವರಿಬ್ಬರೂ ಬ್ಯಾರೆ ಆದ ಮ್ಯಾಲೆ ಸಿಂಧೂರ ಕೂಸನ್ನ ಕರಕೊಂಡು ಎರಡು ತಾಸಿನ ದಾರಿ ದೂರದ ಟೊರೆನ್ಸಿಗೆ ಹೋದಳು, ಆಕಿ ನೌಕರಿ ಅಲ್ಲೇ ಅದ. ವಾರ ಬಿಟ್ಟು ವಾರ ನನ್ನ ಮಗ ಅರ್ಜುನ್ ಕೂಸನ್ನ ಕರಕೊಂಡು ಬರಬೇಕಂತ ಕೋರ್ಟಿನಾಗ ಆಗೇದ. ಅವಗ ಆಫೀಸಿನ ಕೆಲಸ ಭಾಳ. ಒಮ್ಮೊಮ್ಮೆ ತಪ್ಪತದ.

ಸುದ್ದಿ ಬರೀಬಾರದಂತ ಸಿಂಧೂರ ಹೇಳ್ಯಾಳಂದ್ರ ನಾ ಒತ್ತಾಯ ಮಾಡೂದಿಲ್ಲ. ಒಂದ ಕೇಳ್ತೇನಿ. ಮಲಗುವಾಗ ಆಕಿಗೆ ಯಾರದರ ಕಿವಿ ಹಿಡಕೊಳ್ಳೂ ರೂಢಿ ಇತ್ತು. ಈಗೂ ಹಿಡಕೋತಾಳೇನು? ಅನ್ನ ಸಾರು ಉಣ್ತಾಳೋ, ಬರೇ ಬ್ರೆಡ್ಡೋ? ಹೌದು ಅಥವಾ ಇಲ್ಲ ಅಂತ ಬರದ್ರ ಸಾಕು.

ಪ್ರೇಮವ್ವ


ಟೊರೆನ್ಸ್
ಜೂನ್ 26, 2023

ಪ್ರೇಮವ್ವನವರಿಗೆ,

ಈ ಸಲ ಎರಡು ಇವೆ. ಒಂದು ಬಬಲ್ ರ್ಯಾಪಿಗೆ ಬಣ್ಣ ಬಳಿದು ಒತ್ತಿದ ಮೀನು. ಆ ಗುಳ್ಳೆಗಳೇ ಮೀನಿನ ಹುರುಪೆ ಥರ ಕಾಣುತ್ತೆ. ಇನ್ನೊಂದು ಏಡಿ, ಅವಳ ಎರಡೂ ಅಂಗೈಗೆ ಕೆಂಪು ಬಣ್ಣ ಬಳಿದು ಕಾಗದಕ್ಕೆ ಒತ್ತಿಸಿದ್ದು. ಕೈ ತೊಳೆಯೋಕೆ ಎಂಟು ಮಕ್ಕಳ ಕ್ಯೂ ನಿಂತಿತ್ತು. ಅಷ್ಟರಲ್ಲಿ ಸೋಫಾ, ಬಾಗಿಲು, ನನ್ನ ಚೂಡಿದಾರ್, ಎಲ್ಲ ಕಡೆ ಏಡಿ.

ಜೂನ್ ಮುಗೀತಾ ಬಂತು, ಇಲ್ಲಿ ಸೂರ್ಯ ಮುಖ ತೋರಿಸಿಲ್ಲ. ಬಣ್ಣ ಒಣಗೋದೇ ಇಲ್ಲ. ಸೌಜನ್ಯಗೆ ಯೂನಿವರ್ಸಿಟಿಯಲ್ಲಿ ಸೀಟು ಸಿಕ್ಕಿದೆ, ಮುಂದಿನ ತಿಂಗಳು ಬಿಡ್ತಾಳೆ. ಅವಳ ಜಾಗಕ್ಕೆ ಯಾರೂ ಸಿಕ್ಕಿಲ್ಲ. ನಮ್ಮನೆಯವರು ಕೇಶವಮೂರ್ತಿ, ಈ ವಯಸ್ಸಲ್ಲಿ ಸಾಕು ಮಾಡು ಅಂತಾರೆ. ಸಾಕು ಮಾಡಬಹುದು. ಆದರೆ ಎಂಟು ಮನೆಯವರು ಬೆಳಿಗ್ಗೆ ಎದ್ದು ಮಕ್ಕಳನ್ನ ಎಲ್ಲಿ ಬಿಡ್ತಾರೆ?

ನೀವು ಕೇಳಿದ್ದಕ್ಕೆ ಉತ್ತರ ಬರೆಯೋಕೆ ನನಗಾಗಲ್ಲ. ಕೊಟ್ಟ ಮಾತು. ಬೇಜಾರು ಮಾಡ್ಕೋಬೇಡಿ.

ಭಾನುಮತಿ


ಸ್ಕ್ರಿಪ್ಸ್ ರ್ಯಾಂಚ್
ಜುಲೈ 5, 2023

ಭಾನುಮತಿಯವರಿಗೆ,

ಏಡಿ ಮ್ಯಾಲೆ ನನ್ನ ಕೈ ಇಟ್ಟು ನೋಡಿದೆ. ಆಕಿ ಬೆರಳು ಉದ್ದ ಆಗ್ಯಾವ. ನೀವು ಏನೂ ಬರೀಲಿಲ್ಲಂದ್ರೂ ಇಷ್ಟು ತಿಳೀತು.

ಇನ್ನೊಂದೂ ತಿಳೀತು. ಮೀನಿನ ಬಾಯಿ ಕೆಳಮುಖ ಮಾಡಿ ಬರದಾಳ. ನಗೂ ಮೀನು ಅಲ್ಲ ಅದು. ಮದಲು ಆಕಿ ಏನ ಬರದ್ರೂ, ಬಸ್ಸು ಬರದ್ರೂ, ಅದಕ್ಕ ನಗೂ ಬಾಯಿ ಇರತಿತ್ತು. ಆಕಿಗೆ ಅಲ್ಲಿ ಏನರ ತ್ರಾಸ ಅದ ಅನಸ್ತದ. ನೀವು ಒಳ್ಳೆಯವರು, ನಿಮ್ಮ ಕಡೆಯಿಂದ ಅಲ್ಲ. ಮನಿಯಾಗ ಇರಬಹುದು.

ಹೋದ ಶನಿವಾರ ಅರ್ಜುನ್ ಹೋಗಬೇಕಿತ್ತು. ಅರ್ಜೆಂಟ್ ಮೀಟಿಂಗ್ ಬಂತು. ಅದರ ಹಿಂದಿನ ಸಲಾನೂ ಹಂಗ ಆತು. ಕೂಸನ್ನ ನೋಡಿ ಭಾಳ ದಿನ ಆತು. ಗೌರಿ ಹಬ್ಬಕ್ಕ ಅಂತ ಈಗಿಂದನ ಆಕಿಗೊಂದು ಪರಕಾರ, ನಿಮ್ಮ ಕಡೆ ಲಂಗ ಅಂತೀರಲ್ಲ, ಅದನ್ನ ಹೊಲ್ಯಾಕತ್ತೇನಿ. ಅಳತಿ ಗೊತ್ತಿಲ್ಲ, ಅಂದಾಜಿನ ಮ್ಯಾಲೆ.

ಪ್ರೇಮವ್ವ


ಟೊರೆನ್ಸ್
ಜುಲೈ 13, 2023

ಪ್ರೇಮವ್ವನವರಿಗೆ,

ಬೇಗ ಬರೀತಿದ್ದೀನಿ, ಕ್ಷಮಿಸಿ. ಸೌಜನ್ಯ ಹೋದಳು. ಮಕ್ಕಳಿಗೆ ಒಬ್ಬರಾದ ಮೇಲೊಬ್ಬರಿಗೆ ಜ್ವರ ಬರ್ತಿದೆ. ನನಗೂ ಮೈ ಸರಿಯಿಲ್ಲ.

ತಿಮಿಂಗಿಲ ಇಟ್ಟಿದ್ದೀನಿ, ಪೇಪರ್ ಪ್ಲೇಟಿಂದು. ಪ್ರಣತಿಗೆ ಪೂರ್ತಿ ಮಾಡೋಕಾಗಲಿಲ್ಲ. ಬಾಲ ನಾನು ಅಂಟಿಸಿದೆ.

ಭಾನುಮತಿ


ಸ್ಕ್ರಿಪ್ಸ್ ರ್ಯಾಂಚ್
ಜುಲೈ 22, 2023

ಭಾನುಮತಿಯವರಿಗೆ,

ಈ ಪತ್ರ ಬರೀಬಾರದು ಅಂತ ಮಾಡಿದ್ದೆ. ಬರೀದಿದ್ರ ನನಗ ಸಮಾಧಾನ ಆಗೂದಿಲ್ಲ.

ಆ ತಿಮಿಂಗಿಲ ಪೂರಾ ಕರಿ ಬಣ್ಣದ್ದು. ಅರ್ಧಾ ಮಾಡಿ ಬಿಟ್ಟಾಳ. ಜ್ವರಾ ಅಂತನೂ ಬರದೀರಿ. ಕೂಸು ಜಡ್ಡಾಗಿ ಮಲಗೇದ, ನನಗ ಹೇಳಲಾರದ ಮುಚ್ಚಿಟ್ಟಾರ ಅಂತ ತಿಳಕೊಂಡೆ. ಅರ್ಜುನಗ ಹೇಳಿದ್ರ ಸಿಂಧೂರಗ ಫೋನ್ ಮಾಡಿ ಜಗಳಾ ತಗೀತಿದ್ದ. ಅದಕ್ಕ ಅವಗ ಹೇಳಲಿಲ್ಲ. ಬಾಜೂ ಮನಿ ತುಳಸಿ ನನ್ನ ರೈಲಿಗೆ ಹತ್ತಿಸಿದಳು. ಲಾಸ್ ಏಂಜಲಿಸಿನಾಗ ಇಳದು ನಿಮ್ಮ ಲಕೋಟಿ ಮ್ಯಾಲಿನ ವಿಳಾಸ ಟ್ಯಾಕ್ಸಿಯವಗ ತೋರಿಸಿದೆ. ಈ ದೇಶದಾಗ ನಾ ಒಬ್ಬಾಕಿನ ಹಾಲು ತರಾಕೂ ಹೋದಾಕಿ ಅಲ್ಲ.

ನೀವು ಬಂದು ಗೇಟಿನ ಆ ಕಡೆ ನಿಂತ್ರಿ. ನಾ ಪ್ರಣತಿ ಅಜ್ಜಿ ಅಂದೆ. ಗೊತ್ತಾತು ಅಂದ್ರಿ. ಆದ್ರ ಗೇಟು ತಗೀಲಿಲ್ಲ. "ನಿಮ್ಮ ಹೆಸರು ಬರೆದಿಲ್ಲ, ಒಳಗೆ ಬಿಡೋಕಾಗಲ್ಲ" ಅಂದ್ರಿ. ಕುರ್ಚಿ ಕೊಟ್ರಿ, ನೀರು ಕೊಟ್ರಿ, ಮೊಸರನ್ನ ಕೊಟ್ರಿ, ಎಲ್ಲಾ ಗೇಟಿನ ಮ್ಯಾಲಿಂದ. ನಾ ಅನ್ನ ಮುಟ್ಟಲಿಲ್ಲ. ಸಿಟ್ಟಿನಿಂದ ಅಲ್ಲ, ಗೇಟಿನ ಸಂದಿಯಾಗಿಂದ ಒಳಗ ನೋಡಕೋತ ಕೂತೆ.

ಕೂಸು ಒಳಗ ನೀರಿನ ತೊಟ್ಟಿ ಹತ್ರ ನಿಂತಿತ್ತು, ಕೈ ಎಲ್ಲಾ ನೀಲಿ. ಆರಾಮ ಇತ್ತು. ನನ್ನ ನೋಡಿ "ಹಾಯ್ ಅಜ್ಜಿ" ಅಂತು, ಮತ್ತ ಆಟಕ್ಕ ಹತ್ತಿತು. ಓಡಿ ಬರಲಿಲ್ಲ, ಅಳಲೂ ಇಲ್ಲ. ಜಡ್ಡಾಗಿಲ್ಲಂತ ಖುಷಿ ಆಗಬೇಕಿತ್ತು ನನಗ. ಆಗಲಿಲ್ಲ. ಅದನ್ನ ಯಾರ ಮುಂದ ಹೇಳಲಿ?

ನೀವು ಫೋನ್ ಮಾಡಿದ ಮ್ಯಾಲೆ ಸಿಂಧೂರ ಆಫೀಸ್ ಬಿಟ್ಟು ಬಂದಳು. ಮದಲು ನನ್ನ ಕಾರಿನಾಗ ಕೂಡಿಸಿದಳು, ಆಮ್ಯಾಲೆ ಕೂಸನ್ನ ಕರಕೊಂಡು ಬಂದಳು. ಸ್ಟೇಷನ್ನಿಗೆ ಬಿಡ್ತಾಳಂತ ಮಾಡಿದ್ದೆ, ಇಲ್ಲೀತನಕ ಬಂದಳು. ದಾರಿ ತುಂಬ ಟ್ರಾಫಿಕ್. ಕೂಸು ಮಲಗಿತ್ತು. ಬಲಕ್ಕ ಸಮುದ್ರ ಕಾಣೂ ಹೊತ್ತಿಗೆ ಆಕಿ, "ನೋಡ್ಬೇಕು ಅನ್ನಿಸಿದ್ರೆ ನನಗೆ ಒಂದು ಫೋನ್ ಮಾಡಬಹುದಿತ್ತಲ್ಲ" ಅಂದಳು. "ನೀ ಎತ್ತತಿದ್ದೇನು?" ಅಂತ ಕೇಳಿದೆ. "ಗೊತ್ತಿಲ್ಲ" ಅಂದಳು.

ಇಲ್ಲಿ ನನ್ನ ಇಳಿಸಿ ಮನಿಯೊಳಗ ಬರಲಾರದ ಹಂಗ ತಿರುಗಿ ಹೋದಳು. ಅರ್ಜುನ್ ಇನ್ನೂ ಆಫೀಸಿನಿಂದ ಬಂದಿರಲಿಲ್ಲ. ನೀವು ಇನ್ನ ಮ್ಯಾಲೆ ಏನೂ ಕಳಿಸೂದು ಬ್ಯಾಡ.

ಪ್ರೇಮವ್ವ


ಟೊರೆನ್ಸ್
ಜುಲೈ 29, 2023

ಪ್ರೇಮವ್ವನವರಿಗೆ ನಮಸ್ಕಾರ.

ಈ ಸಲ ಲಕೋಟೆಯಲ್ಲಿ ಕ್ರಾಫ್ಟ್ ಇಲ್ಲ. ಬರೀ ಪತ್ರ. ಓದಿ.

ಆ ವಾರ ಬಣ್ಣದ ಡಬ್ಬಿಗಳಲ್ಲಿ ಕಪ್ಪು ಬಿಟ್ಟರೆ ಬೇರೆ ಉಳಿದಿರಲಿಲ್ಲ. ಎಂಟೂ ತಿಮಿಂಗಿಲ ಕಪ್ಪೇ. ಪ್ರಣತಿ ಅರ್ಧಕ್ಕೆ ಬಿಟ್ಟಿದ್ದು ಹಲ್ಲಿನ ಡಾಕ್ಟರ ಹತ್ತಿರ ಅಪಾಯಿಂಟ್‌ಮೆಂಟ್ ಇದ್ದಿದ್ದಕ್ಕೆ. ಜ್ವರ ಬಂದಿದ್ದು ಬೇರೆ ಮಕ್ಕಳಿಗೆ. ಇಷ್ಟು ಬರೆದಿದ್ದರೆ ನೀವು ರೈಲು ಹತ್ತುತ್ತಿರಲಿಲ್ಲ. ಆವತ್ತು ನನಗೆ ಪೆನ್ನು ಹಿಡಿಯೋಕೂ ಆಗ್ತಿರಲಿಲ್ಲ.

ಗೇಟಿನ ವಿಷಯ. ಮಗುವನ್ನ ಸೇರಿಸುವಾಗ ತುಂಬೋ ಹಾಳೆಯಲ್ಲಿ ಯಾರ ಹೆಸರಿದೆಯೋ ಅವರನ್ನ ಬಿಟ್ಟು ಬೇರೆ ಯಾರನ್ನೂ ಒಳಗೆ ಕರೆಯೋಕೆ ನನಗೆ ಬರಲ್ಲ. ಪ್ರಣತಿ ಹಾಳೆಯಲ್ಲಿ ಇರೋದು ಸಿಂಧೂರ, ಅರ್ಜುನ್, ಇಬ್ಬರೇ. ಬಿಸಿಲಲ್ಲಿ ನಿಂತ ನಿಮ್ಮ ಮುಖ ನೋಡಿ ನನ್ನ ಕೈ ಚಿಲಕದ ಮೇಲೇ ಇತ್ತು. ತೆಗೆದಿದ್ದರೆ ನಿಮ್ಮ ಸೊಸೆ ಮತ್ತೆ ನನ್ನನ್ನ ನಂಬುತ್ತಿರಲಿಲ್ಲ. ಉಳಿದ ಏಳು ಮನೆಯವರೂ ನಂಬಬೇಕಾಗಿರಲಿಲ್ಲ. ನೀವು ಹೊರಟ ಮೇಲೆ ಮೊಸರನ್ನದ ತಟ್ಟೆ ತೊಳೆದಿಟ್ಟು, ಉಳಿದ ಸಂಜೆ ಹೇಗೋ ಕಳೆದೆ.

ಸಿಂಧೂರನ ಜೊತೆ ಮಾತಾಡಿದೆ. ಇನ್ನು ಮೇಲೆ ಮಗುವಿನ ಸುದ್ದಿ ಬರೀಬಹುದು ಅಂದಿದ್ದಾಳೆ. ಹಾಗಾಗಿ ಬರೀತೀನಿ. ಅನ್ನ ಸಾರು ಉಣ್ಣುತ್ತಾಳೆ. ಮಲಗುವಾಗ ಕಿವಿ ಹಿಡ್ಕೊಳ್ತಾಳೆ, ನನ್ನದು. ಮೀನಿಗೆ ಬಾಯಿ ಬರೆದಿದ್ದು ಅವಳಲ್ಲ, ಪಕ್ಕದಲ್ಲಿ ಕೂತಿದ್ದ ಅಮೋಘ.

ಇನ್ನೊಂದು ಹೇಳಲೇಬೇಕು. ನೀವು ಬಂದು ಹೋದ ಮಾರನೇ ದಿನದಿಂದ ಮಕ್ಕಳು ಒಂದು ಹೊಸ ಆಟ ಆಡ್ತಿದ್ದಾರೆ. ಶುರು ಮಾಡಿದ್ದು ಪ್ರಣತಿ. ಒಬ್ಬರು ಬೇಲಿ ಪಕ್ಕ ಕುರ್ಚಿ ಹಾಕ್ಕೊಂಡು ಕೂತ್ಕೋಬೇಕು, ಅವರು ಅಜ್ಜಿ. ಮಿಕ್ಕವರು ಒಳಗಿಂದ ಲೋಟದಲ್ಲಿ ನೀಲಿ ಅಕ್ಕಿ ತಂದು ಕೊಡಬೇಕು. ಗೇಟು ತೆಗೆದವರು ಔಟ್. ಪ್ರಣತಿ ಯಾವಾಗಲೂ ತಾನೇ ಅಜ್ಜಿ ಆಗ್ತಾಳೆ, ಬೇರೆಯವರಿಗೆ ಬಿಟ್ಟುಕೊಡಲ್ಲ. ಬೇಡ ಅಂದರೂ ಕೇಳಲ್ಲ. ಇಡೀ ವಾರ ನಾನು ಕಿಟಕಿಯಿಂದ ಇದನ್ನೇ ನೋಡಿದ್ದೀನಿ. ಅವಳು ಓಡಿ ಬರಲಿಲ್ಲ ಅಂತ ಬರೆದಿದ್ದೀರಿ. ಓಡಿ ಬರೋದಕ್ಕಿಂತ ಇದು ಚಿಕ್ಕದು ಅಂತ ನನಗನ್ನಿಸಲ್ಲ.

ನನಗೊಂದು ಯೋಚನೆ ಬಂದಿದೆ. ಸೌಜನ್ಯನ ಜಾಗ ಇನ್ನೂ ಖಾಲಿ. ನೀವು ತಪಾಸಣೆಗೆ ಬೆರಳಚ್ಚು ಕೊಟ್ಟು, ಟಿಬಿ ಟೆಸ್ಟು, ಇಂಜೆಕ್ಷನ್ನು ಮಾಡಿಸ್ಕೊಂಡರೆ, ಲೈಸೆನ್ಸಿಂಗ್ ಆಫೀಸಿಂದ ಒಪ್ಪಿಗೆ ಬಂದ ಮೇಲೆ ಸಹಾಯಕ್ಕೆ ಅಂತ ಬರಬಹುದು. ನಿಮಗೆ ಗ್ರೀನ್ ಕಾರ್ಡ್ ಇದೆ ಅಂತ ಸಿಂಧೂರ ಹೇಳಿದಳು. ವಾರಕ್ಕೆ ಎರಡು ಮೂರು ದಿನ. ನಮ್ಮ ಮೇಲಿನ ರೂಮು ಖಾಲಿ ಇದೆ. ನಿಮ್ಮ ಸೊಸೆಯನ್ನ ಕೇಳಿಯೇ ಬರೀತಿದ್ದೀನಿ. ಅವಳು ಹೂಂ ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. ನಿಮ್ಮಿಷ್ಟ ಆಂಟಿ ಅಂದಳು.

ಭಾನುಮತಿ


ಸ್ಕ್ರಿಪ್ಸ್ ರ್ಯಾಂಚ್
ಆಗಸ್ಟ್ 14, 2023

ಭಾನುಮತಿಯವರಿಗೆ ಶರಣು.

ನಿಮ್ಮ ಪತ್ರ ನಾಕೈದು ಸಲ ಓದಿದೆ. ಆ ಆಟದ ಸುದ್ದಿ ಓದೂ ಮುಂದ ಅರ್ಜುನ್ ಒಳಗ ಬಂದ. ಏನಾತವ್ವಾ ಅಂದ. ಎಲ್ಲಾ ಹೇಳಿದೆ, ರೈಲು, ಗೇಟು, ಎಲ್ಲಾ.

ನಾ ನಿಮಗ ಮೀಟಿಂಗ್ ಅಂತ ಬರದಿದ್ದೆ. ಮೀಟಿಂಗ್ ಇರಲಿಲ್ರಿ. ಶನಿವಾರ ಮುಂಜಾನೆ ಅಂವ ಬೂಟು ಹಾಕ್ಕೊಂಡು ಸೋಫಾದ ಮ್ಯಾಲೆ ಕೂಡ್ತಿದ್ದ, ಮಧ್ಯಾಹ್ನ ಆದ್ರೂ ಅಲ್ಲೇ ಇರತಿದ್ದ. ಆಮ್ಯಾಲೆ ಬೂಟು ಬಿಚ್ಚಿ ಇಡತಿದ್ದ. ನಾ ಕೇಳಿರಲಿಲ್ಲ. ಈಗ ಕೇಳಿದೆ. "ಕರ್ಕೊಂಡ ಬರೂದು ಆಗ್ತದವ್ವಾ, ರವಿವಾರ ಬಿಟ್ಟ ಬರೂದ ಆಗೂದಿಲ್ಲ" ಅಂದ. ನನ್ನ ಮುಂದ ಅತ್ತ. ಸಣ್ಣಾಂವ ಇದ್ದಾಗ ಬಿಟ್ರ ಅಂವ ಅತ್ತಿದ್ದು ನಾ ನೋಡಿರಲಿಲ್ಲ.

ಬೆರಳಚ್ಚು ಕೊಡಾಕ ಅರ್ಜುನ್ ತಾನ ನನ್ನ ಕರಕೊಂಡು ಹೋದ. ಅಲ್ಲಿಯ ಹುಡುಗಿ ನನ್ನ ಬೆರಳು ಒಂದೊಂದ ಹಿಡದು ಗಾಜಿನ ಮ್ಯಾಲೆ ಒತ್ತಿದಳು. ಮೂಡಲಿಲ್ಲ. ಎಣ್ಣಿ ಹಚ್ಚಿದಳು, ಒರೆಸಿದಳು, ಮತ್ತ ಒತ್ತಿದಳು. ಏನ ಕೆಲಸ ಮಾಡತಿದ್ರಿ ಅಂತ ಕೇಳಿದಳು. ಅರ್ಜುನ್ ಇಂಗ್ಲಿಷಿನಾಗ ಹೇಳಿದ, ನಮ್ಮ ಅವ್ವ ಜ್ವಾಳದ ರೊಟ್ಟಿ ಬಡೀತಿದ್ದಳು, ಖಾನಾವಳಿ ಇತ್ತು ಅಂತ. ಅಪ್ಪ ಹೋದ ಮ್ಯಾಲೆ ಆ ರೊಟ್ಟಿಯಿಂದನ ನಾ ಓದಿದೆ ಅಂತನೂ ಹೇಳಿದ. ಅದನ್ನ ಆಕಿ ಕೇಳಿರಲಿಲ್ಲ.

ಎರಡನೇ ಸಲ ಹೋದ್ವಿ. ಅದೂ ಬಾದ ಆತು, ನಡೀಲಿಲ್ಲ. ಬೆರಳಿನ ಗೆರಿ ಸವದಾವಂತ. ಈಗ ಹೆಸರಿನ ಮ್ಯಾಲೆ ತಪಾಸ ಮಾಡ್ತಾರಂತ, ವ್ಯಾಳ್ಯಾ ಹಿಡೀತದ. ಸೂಜಿ ಚುಚ್ಚಿದ ತೋಳು ಇನ್ನೂ ನೋಯತದ. ಇಷ್ಟೆಲ್ಲಾ ಮಾಡಿ ದಣದೇನಿ. ಅಲ್ಲಿ ಬಂದು ನಿಮಗ ಉಪಯೋಗ ಆಗ್ತೇನೋ ಇಲ್ಲೋ.

ನೀವು ಮತ್ತ ಏನರ ಕಳಿಸ್ರಿ. ಕಿಟಕಿ ಖಾಲಿ ಅದ. ಸಿಟ್ಟಿನಾಗ ಎಲ್ಲಾ ತಗದಿಟ್ಟಿದ್ದೆ.

ಪ್ರೇಮವ್ವ


ಟೊರೆನ್ಸ್
ಸೆಪ್ಟೆಂಬರ್ 2, 2023

ಪ್ರೇಮವ್ವನವರಿಗೆ ನಮಸ್ಕಾರ.

ಒಪ್ಪಿಗೆ ಬಂತು. ನಿನ್ನೆ.

ಸಂತೋಷವಾಗಿ ಬರೀಬೇಕಾದ್ದನ್ನ ಹೀಗೆ ಬರೀತಿದ್ದೀನಿ. ಪ್ರಣತಿ ಕಿಂಡರ್‌ಗಾರ್ಟನ್ನಿಗೆ ಸೇರಿದಳು. ಕಳೆದ ವಾರವೇ ನನ್ನ ಹತ್ತಿರ ಅವಳ ಕೊನೇ ದಿನ. ಅಷ್ಟರೊಳಗೆ ನಿಮ್ಮದು ಬಂದುಬಿಡುತ್ತೆ ಅಂದ್ಕೊಂಡಿದ್ದೆ. ಆಫೀಸಿಗೆ ದಿನಾ ಫೋನ್ ಮಾಡಿದೆ, ಅವರೂ ಏನು ಮಾಡ್ತಾರೆ. ಸಂಜೆ ಹೊತ್ತು ಅವಳು ಸ್ಕೂಲಿನ ಕೇರ್‌ನಲ್ಲೇ ಇರ್ತಾಳೆ, ಇಲ್ಲಿಗೆ ಬರಲ್ಲ.

ಇದನ್ನ ಫೋನಲ್ಲಿ ಹೇಳೋ ಧೈರ್ಯ ಬರಲಿಲ್ಲ.

ಸಮುದ್ರದ್ದೆಲ್ಲ ಬಿಚ್ಚಿದೆ. ಗೋಡೆ ಮೇಲೆ ಟೇಪಿನ ಗುರುತು ಉಳಿದಿದೆ. ಪ್ರಣತಿಯ ಜಾಗಕ್ಕೆ ಒಂದೂವರೆ ವರ್ಷದ ಅವಳಿಗಳು ಬಂದಿವೆ. ಇನ್ನೂ ಒಗ್ಗಿಲ್ಲ. ಒಂದು ಅತ್ತರೆ ಇನ್ನೊಂದೂ ಶುರು ಮಾಡುತ್ತೆ. ಒಂದನ್ನ ಎತ್ತಿಕೊಂಡರೆ ಇನ್ನೊಂದು ಸೀರೆ ಹಿಡಿದು ಎಳೆಯುತ್ತೆ. ನನಗೆ ಇರೋದು ಎರಡು ಕೈ, ಅವಕ್ಕೂ ಈಗ ನೋವು.

ನೀವು ಬರೋದಕ್ಕೆ ಕಾರಣ ಇನ್ನು ಉಳಿದಿಲ್ಲ ಅಂತ ಗೊತ್ತು. ಆದರೂ ಕೇಳ್ತೀನಿ. ಬರ್ತೀರಾ? ಇಲ್ಲ ಅಂದರೆ ನಾನು ಅರ್ಥ ಮಾಡ್ಕೊಳ್ತೀನಿ.

ಭಾನುಮತಿ


ಸ್ಕ್ರಿಪ್ಸ್ ರ್ಯಾಂಚ್
ಸೆಪ್ಟೆಂಬರ್ 10, 2023

ಭಾನುಮತಿಯವರಿಗೆ ಶರಣು.

ನಿಮ್ಮ ಪತ್ರ ಬಂದ ದಿನ ನಾ ಅಡಿಗಿ ಮಾಡಲಿಲ್ಲ. ಅರ್ಜುನ್ ತಾನ ಅವಲಕ್ಕಿ ಹಚ್ಚಿ ತಂದಿಟ್ಟ, ಉಪ್ಪು ಮರತಿದ್ದ. ಇಷ್ಟು ವಯಸ್ಸಾದ ಮ್ಯಾಲೆ ಯಾರದೋ ಕೂಸುಗೋಳ ಮುಕಳಿ ತೊಳಿಯಾಕ ಅಷ್ಟು ದೂರ ಯಾಕ ಹೋಗಬೇಕು ಅಂತ ಕೂತು ವಿಚಾರ ಮಾಡಿದೆ. ಉತ್ತರ ಹೊಳೀಲಿಲ್ಲ. ಸುಮ್ಮನ ಮನಿಯಾಗ ಕೂಡಾಕ ಯಾಕ ಬೇಕು ಅಂತ ವಿಚಾರ ಮಾಡಿದೆ. ಅದಕ್ಕೂ ಹೊಳೀಲಿಲ್ಲ.

ಶುಕ್ರವಾರ ಸಿಂಧೂರಂದು ಫೋನ್ ಬಂತು. ಅರ್ಜುನಗ ಅಲ್ಲ, ನನ್ನ ಫೋನಿಗೆ. ಎರಡೂವರಿ ವರ್ಷದಾಗ ಮದಲನೇ ಸಲ. ನೀವು ಆಕಿಗೆ ಏನ ಹೇಳೀರೋ ನನಗ ಗೊತ್ತಿಲ್ಲ. ಆಕಿ ಹೆಚ್ಚು ಮಾತಾಡಲಿಲ್ಲ. "ಅತ್ತೆ, ಯಾವ ರೈಲಿಗೆ ಬರ್ತೀರ ಹೇಳಿ, ಸ್ಟೇಷನ್ನಿಗೆ ನಾನು ಬರ್ತೀನಿ. ಭಾನುಮತಿ ಆಂಟಿ ಮನೇಲಿ ನೀವಿರೋ ದಿನ ಸಂಜೆ ಪ್ರಣತಿನ ಕರ್ಕೊಂಡು ಬಂದು ಬಿಡ್ತೀನಿ, ಊಟ ಮಾಡಿಸಿ" ಅಂದಳು. ಆತು ಅಂದೆ. ಫೋನ್ ಇಟ್ಟು ರೈಲಿನ ವ್ಯಾಳ್ಯಾ ನೋಡಾಕ ಅರ್ಜುನಗ ಹೇಳಿದೆ.

ಅರ್ಜುನ್ ಈ ಶನಿವಾರ ಹೋಗಿ ಕೂಸನ್ನ ಕರಕೊಂಡು ಬಂದಾನ. ಈಗ ಇಲ್ಲೇ ಅದ. ಇವತ್ತ ಸಂಜಿ ಬಿಡಾಕ ಹೋಗೂ ಮುಂದ ಅವನ ಜೋಡಿ ನಾನೂ ಕಾರಿನಾಗ ಕೂಡ್ತೇನಿ, ಈ ಪತ್ರಾನೂ ನಿಮ್ಮ ಡಬ್ಬಿಗೆ ಹಾಕಿ ಬರ್ತೇನಿ. ತಿರುಗಿ ಬರೂ ಮುಂದ ಅವಗ ಒಬ್ಬರು ಬೇಕು.

ಮಂಗಳವಾರ ಮುಂಜಾನೆ ರೈಲಿಗೆ ನಿಮ್ಮಲ್ಲಿ ಬರ್ತೇನಿ, ಗುರುವಾರದ ತನಕ. ನನಗ ಖಾರ ಇಲ್ಲದ ಸಾರು ಇಳಿಯೂದಿಲ್ಲ, ಕೇಶವಮೂರ್ತಿಯವರಿಗೆ ಈಗ ಹೇಳಿಡ್ರಿ.

ಇದನ್ನ ಬರೀಲಿಕ್ಕೆ ಕೂತಾಗ ಪ್ರಣತಿ ಬಂದು ಟೇಬಲ್ಲಿಗೆ ಗದ್ದ ಹಚ್ಚಿ ನಿಂತಳು. ಆಕಿಗೆ ಕನ್ನಡ ಓದಾಕ ಬರೂದಿಲ್ಲ, ಆದ್ರೂ ಕೇಳಿದಳು. "ಅಜ್ಜಿ, ಆರ್ ಯು ಗೋಯಿಂಗ್ ದೇರ್ ಫಾರ್ ಮೀ, ಆರ್ ಫಾರ್ ದ ಬೇಬೀಸ್?" ಇಷ್ಟು ಇಂಗ್ಲಿಷ್ ನನಗ ತಿಳೀತದ. ನಿನಗೂ, ಅವಕ್ಕೂ, ಇಬ್ಬರಿಗೂ ಅಂದೆ. ಆಕಿ ಓಕೆ ಅಂದು ಹೋದಳು.

ಅದು ಪೂರಾ ಖರೇ ಅಲ್ರಿ, ನಿಮಗ ಅಂತ ಬರೀತೇನಿ. ಆ ಅವಳಿ ಕೂಸುಗೋಳು ನನಗ ಯಾರೂ ಅಲ್ಲ. ನನಗ ಸ್ವಲ್ಪ ವ್ಯಾಳ್ಯಾ ಕೊಡ್ರಿ. ಅಲ್ಲೀತನಕ ಅವಕ್ಕ ಹೇಳಬ್ಯಾಡ್ರಿ.

ಪ್ರೇಮವ್ವ